ಒಬ್ಬರ ಕೋಣೆ

ಫೆಬ್ರುವರಿ ಮುಗಿಯುವಾಗ ಬರುತ್ತಾರೆ,
ಟ್ರೇಲರ್ ಕಟ್ಟಿದ ಕಾರುಗಳಲ್ಲಿ,
ದಿಂಬು ಅವುಚಿಕೊಂಡ ತಾಯಂದಿರು,
ಲಿಫ್ಟ್ ಎಲ್ಲಿ ಎಂದು ಕೇಳುವ ಅಪ್ಪಂದಿರು.
ಲಿಫ್ಟ್ ಇಲ್ಲ.
ಡನೀಡನ್ನಿನ ಗುಡ್ಡವನ್ನೇ ಒಳಕ್ಕೆ ತಂದು
ಮೆಟ್ಟಿಲು ಕೊರೆದಂತೆ ನಾಲ್ಕು ಮಹಡಿ.

ನಾನು ಲೂಪೆ. ಸೊಂಟದಲ್ಲಿ
ಎಲ್ಲ ಬಾಗಿಲಿಗೂ ಆಗುವ ಒಂದು ಕೀಲಿಕೈ.
ಇಪ್ಪತ್ತೆರಡು ವರ್ಷದಿಂದ ಸೋಮವಾರವೆಂದರೆ ಮೂರನೆಯ ಮಹಡಿ.
ಮುಖ ನನಗೆ ನೆನಪುಳಿಯುವುದಿಲ್ಲ,
ಕಸದ ಬುಟ್ಟಿ ನೋಡಿ ಹೇಳಬಲ್ಲೆ:
ಇವಳಿಗೆ ಅಂಗರಚನೆಯ ಪರೀಕ್ಷೆಯ ಭಯ,
ಇವನನ್ನು ಯಾರೋ ಬೇಡ ಅಂದಿದ್ದಾರೆ,
ಈ ಇಬ್ಬರದು ಹೋದ ವಾರದಿಂದ ಒಂದೇ ಬುಟ್ಟಿ.

ಮುನ್ನೂರ ಹದಿನೇಳರಲ್ಲಿ ಏನೂ ಇಲ್ಲ.
ಹೋದ ಸೋಮವಾರ ನಾನು ಮಡಿಸಿಟ್ಟ ಬೆಡ್‌ಶೀಟಿನ ಅಂಚು
ಹಾಗೇ ಇದೆ, ನನ್ನ ಹೆಬ್ಬೆರಳ ಗೀರಿನ ಸಮೇತ.
ಮೇಜಿನ ಮೇಲೆ ಪುಸ್ತಕ, ಕೊಕ್ಕೆಯಲ್ಲಿ ಒದ್ದೆ ಟವೆಲ್.
ಹುಡುಗ ಇದ್ದಾನೆ. ಮಲಗುವುದೆಲ್ಲಿ?

ಬಾಗಿಲ ಮೇಲಿನ ಚೀಟಿ: ಸೆಮಿಸಿ, ಟೊಕೊರೋವ.
ಮರದ ಕಾರ್ಖಾನೆಯ ಊರು.
ನನ್ನಣ್ಣ ಅಲ್ಲೇ ಎರಡು ಬೆರಳು ಬಿಟ್ಟು ಬಂದ.

ನಿಯಮದ ಪ್ರಕಾರ ವಾರ್ಡನ್ ನಾಯ್ರಿಗೆ ತಿಳಿಸಬೇಕು.
ಒಳ್ಳೆಯವಳು, ಹುಡುಗನನ್ನು ಕರೆದು ಕೂರಿಸಿ ಚಹಾ ಕೊಡುತ್ತಾಳೆ,
ಆಮೇಲೆ ಡ್ರಾಯರಿನಿಂದ ಒಂದು ಫಾರಂ ತೆಗೆಯುತ್ತಾಳೆ.
ತಿಳಿಸಲಿಲ್ಲ.

ನಾಲ್ಕನೆಯ ಸೋಮವಾರ ಬೆಳಗಾಗುವ ಮೊದಲೇ ಬಂದೆ.
ನೆಲಮಾಳಿಗೆಯಲ್ಲಿ, ಬಟ್ಟೆ ಒಣಗಿಸುವ ಯಂತ್ರಗಳ ಸಂದಿಯಲ್ಲಿ,
ಬಿಸಿ ತಗಡಿಗೆ ಬೆನ್ನು ಕೊಟ್ಟು
ಆರಡಿ ಮೀರಿದ ಹುಡುಗ
ಯಾರ್ಯಾರದೋ ಟವೆಲುಗಳ ನಡುವೆ ಮುದುಡಿ ಮಲಗಿದ್ದ.
ಎದ್ದವನೇ ಕ್ಷಮಿಸಿ ಅಂದ. ಮತ್ತೊಮ್ಮೆ ಅಂದ,
ಆ ಸಲ ಸಮೋವನ್ ಮಾತಿನಲ್ಲಿ.

'ಮನೆಯಲ್ಲಿ ಒಂದು ಕೋಣೆಗೆ ಏಳು ಜನ, ಆಂಟಿ.
ತಮ್ಮನ ಕಾಲು ನನ್ನ ಹೊಟ್ಟೆಯ ಮೇಲೆ,
ಅಜ್ಜಿಯ ಕೆಮ್ಮು ಕಿವಿಯ ಹತ್ತಿರ.
ಇಲ್ಲಿ ಬಾಗಿಲು ಹಾಕಿಕೊಂಡರೆ
ನನ್ನ ಉಸಿರು ನನಗೇ ಕೇಳಿಸುತ್ತದೆ.
ಚರ್ಚಿನವರು ಚಂದಾ ಎತ್ತಿ ಕೊಟ್ಟ ಕೋಣೆ.
ಹೇಗೆ ಹೇಳಲಿ?'

ಒಬ್ಬರಿಗೊಂದು ಕೋಣೆ:
ಕಾಲೇಜಿನ ಪರಿಚಯ ಪುಸ್ತಿಕೆಯ ಮೊದಲ ಪುಟದಲ್ಲೇ ಇದೆ,
ದಪ್ಪಕ್ಷರದಲ್ಲಿ. ಜೊತೆಗೆ ಕಿಟಕಿ, ಬಿಸಿಲು,
ಬಾಡಿಗೆಗೆ ಕರೆಸಿದ ಹುಡುಗಿಯ ನಗು.

ಸಮಾಧಾನದ ಮಾತು ನನಗೆ ಬರುವುದಿಲ್ಲ.
ಮಂಚ ಎಳೆಯಲು ಬರುತ್ತದೆ.
ಕಿಟಕಿಯ ಪಕ್ಕದಿಂದ ಎಡಗೋಡೆಗೆ ಎಳೆದೆ,
ಲಿನೋಲಿಯಂ ಮೇಲೆ ಎರಡು ಉದ್ದ ಗೀರು.
ಆ ಗೋಡೆಯಾಚೆ ಫರ್ಗಸ್, ಕುರಿ ಸಾಕುವವರ ಮಗ;
ಹಳೆ ಟ್ರ್ಯಾಕ್ಟರಿನಂತೆ ಗೊರಕೆ ಹೊಡೆಯುತ್ತಾನೆಂದು
ಮೂವರು ದೂರು ಬರೆದುಕೊಟ್ಟಿದ್ದಾರೆ.

ಮುಂದಿನ ಸೋಮವಾರ ಬೆಡ್‌ಶೀಟು ಸುಕ್ಕಾಗಿತ್ತು.
ಅದರ ಮುಂದಿನ ವಾರ ಇಲ್ಲ.
ಆಮೇಲೆ ಲೆಕ್ಕ ಇಡುವುದು ಬಿಟ್ಟೆ.

ಜುಲೈನ ಒಂದು ರಾತ್ರಿ ಯಾರೋ ಬ್ರೆಡ್ಡು ಸುಟ್ಟು
ಗಂಟೆ ಹೊಡೆದುಕೊಂಡಿತಂತೆ.
ಇನ್ನೂರು ಜನ ಹಿಮ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ, ಬರಿಗಾಲಲ್ಲಿ.
ಅವರಿಬ್ಬರಿಗೂ ಒಂದೇ ಕಂಬಳಿ ಸಾಲಲಿಲ್ಲ, ಇಬ್ಬರೂ ದೊಡ್ಡವರು.
ಇದನ್ನು ಅಡುಗೆಮನೆಯವರು ಹೇಳಿದ್ದು.
ನಾನು ನೋಡಿದ್ದು ಬೆಳಗ್ಗೆ, ಸಿಂಕಿನಲ್ಲಿ
ಕೆರೆದು ಹಾಕಿದ ಕರಿ.

ನವೆಂಬರ್. ಖಾಲಿ ಕೋಣೆ, ತಪಾಸಣೆಯ ಹಾಳೆ.
ಹಾಸಿಗೆ: ಹೊಸದು, ಸವೆದದ್ದು, ಹಾಳಾದದ್ದು.
ಕೈಯೂರಿ ನೋಡಿದೆ, ನಡುವೆ ತಗ್ಗು ಬಿದ್ದಿದೆ.
ಸವೆದದ್ದು ಎಂಬಲ್ಲಿ ಗುರುತು ಹಾಕಿದೆ,
ಅಗತ್ಯಕ್ಕಿಂತ ಒತ್ತಿ.
ನೆಲ: ಎರಡು ಗೀರು.
ಹಾನಿಗೆ ಕಾರಣ?
ಗೊರಕೆ ಎಂದು ಬರೆದೆ.

ಪಕ್ಕದ ಕೋಣೆಯೂ ಖಾಲಿ ಈಗ.
ಆ ಗೋಡೆಯಿಂದ ಇನ್ನು ಉಪಯೋಗವಿಲ್ಲ.
ಮಂಚವನ್ನು ಕಿಟಕಿಯ ಕಡೆಗೆ ಮರಳಿ ಎಳೆದೆ.
ಮೂರನೆಯ ಗೀರು.